ಸರಿಯುವ ನೆಲ, ನಿಂತ ನೌಕೆ: ‘ಗ್ರೇಡಿಯಸ್’ ಆಟದ ಒಂದು ಗಡಿನಾಡಿನ ಓದು

1

ನಮ್ಮ ಸಾಮಾಜಿಕ ಚರ್ಚೆಗಳಲ್ಲಿ ‘ಹಿಂದುಳಿದ’ ಎಂಬ ಪದ ಎಷ್ಟು ಸವೆದಿದೆಯೆಂದರೆ, ಅದರೊಳಗಿರುವ ಚಲನೆಯ ಚಿತ್ರ ಈಗ ನಮ್ಮ ಗಮನಕ್ಕೆ ಬರುವುದಿಲ್ಲ. ಉಳಿದವರೆಲ್ಲ ನಡೆದುಹೋದ ಮೇಲೆ ಹಿಂದೆ ಉಳಿದದ್ದು ಹಿಂದುಳಿದದ್ದು. ದಾರಿ ಒಂದೇ, ಅದರ ದಿಕ್ಕು ಮೊದಲೇ ನಿಶ್ಚಿತ, ನೆಲ ಮಾತ್ರ ಕದಲದೆ ಇದೆ ಎಂಬ ಮೂರು ಗ್ರಹಿಕೆಗಳು ಈ ಪದದಲ್ಲಿ ಅಡಕವಾಗಿವೆ. ಗಡಿನಾಡಿನ ಕನ್ನಡವನ್ನು ಕುರಿತ ಬರವಣಿಗೆಯಲ್ಲಿ ಇದೇ ಚಿತ್ರ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಳನಾಡಿನ ಕನ್ನಡ ಮುಂದೆ ಸಾಗಿತು, ಗಡಿಯ ಕನ್ನಡ ಹಿಂದೆ ಉಳಿಯಿತು. ಈ ಮೂರು ಗ್ರಹಿಕೆಗಳನ್ನು ಪರೀಕ್ಷಿಸಲು ಈ ಲೇಖನ ಸಾಹಿತ್ಯ ವಿಮರ್ಶೆ ಸಾಮಾನ್ಯವಾಗಿ ಕೈಗೆತ್ತಿಕೊಳ್ಳದ ಒಂದು ಪಠ್ಯವನ್ನು ಆರಿಸಿಕೊಂಡಿದೆ. ಅದು ಜಪಾನಿನ ಕೊನಾಮಿ ಸಂಸ್ಥೆ 1985ರಲ್ಲಿ ಆರ್ಕೇಡ್ ಯಂತ್ರಗಳಿಗಾಗಿ ರೂಪಿಸಿ, 1986ರಲ್ಲಿ ನಿಂಟೆಂಡೊದ ಮನೆಬಳಕೆಯ ಯಂತ್ರವಾದ ಫ್ಯಾಮಿಕಾಮ್‌ಗೆ ಅಳವಡಿಸಿದ ‘ಗ್ರೇಡಿಯಸ್’ ಎಂಬ ವಿಡಿಯೋ ಗೇಮ್.

ಆಟದ ವಸ್ತು ಸರಳ. ‘ವಿಕ್ ವೈಪರ್’ ಎಂಬ ಒಂಟಿ ನೌಕೆ ಪರದೆಯ ಎಡಭಾಗದಲ್ಲಿದೆ. ಬಲದಿಂದ ಶತ್ರುನೌಕೆಗಳು, ಬೆಟ್ಟಗಳು, ಜ್ವಾಲಾಮುಖಿಗಳು, ಕಲ್ಲಿನ ಮುಖಗಳು ಬರುತ್ತವೆ. ಆಡುವವರು ತಪ್ಪಿಸಿಕೊಳ್ಳಬೇಕು, ಗುಂಡು ಹಾರಿಸಬೇಕು, ಹಂತದ ಕೊನೆಗೆ ಎದುರಾಗುವ ದೊಡ್ಡ ನೌಕೆಯ ಒಡಲೊಳಗಿನ ತಿರುಳನ್ನು ಒಡೆಯಬೇಕು. ಕಥೆಯೆಂದು ಹೇಳಬಹುದಾದದ್ದು ಇಷ್ಟೇ. ಆದ್ದರಿಂದ ಇಲ್ಲಿ ವಿಮರ್ಶೆಗೆ ಒದಗುವ ಸಾಮಗ್ರಿ ಕಥನವಲ್ಲ, ನಿಯಮ. ಎಸ್ಪೆನ್ ಆರ್ಸೆತ್ 1997ರ ‘ಸೈಬರ್‌ಟೆಕ್ಸ್ಟ್’ ಕೃತಿಯಲ್ಲಿ, ಓದುಗರು ಶ್ರಮಪಟ್ಟು ದಾರಿ ಮಾಡಿಕೊಂಡು ಸಾಗಬೇಕಾದ ಪಠ್ಯಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿದರು. ಇಯಾನ್ ಬೊಗೊಸ್ಟ್ 2007ರ ‘ಪರ್ಸುಯೇಸಿವ್ ಗೇಮ್ಸ್’ ಕೃತಿಯಲ್ಲಿ, ಆಟದ ನಿಯಮಗಳೇ ಲೋಕವನ್ನು ಕುರಿತು ವಾದ ಹೂಡುತ್ತವೆ ಎಂದು ಪ್ರತಿಪಾದಿಸಿದರು. ಯಕ್ಷಗಾನ, ತೊಗಲು ಗೊಂಬೆಯಾಟಗಳನ್ನು ಪಠ್ಯಗಳೆಂದು ಓದಿ ಅಭ್ಯಾಸವಿರುವ ಕನ್ನಡ ವಿಮರ್ಶೆಗೆ ಈ ನಿಲುವುಗಳು ತೀರ ಅಪರಿಚಿತವೆನಿಸಲಾರವು.

2

ಈ ಬಗೆಯ ಆಟಗಳು ನಮ್ಮ ಊರುಗಳಿಗೆ ಬಂದ ದಾರಿಯನ್ನು ಮೊದಲು ಗಮನಿಸಬೇಕು. 1990ರ ದಶಕದಲ್ಲಿ ಭಾರತದ ಸಣ್ಣ ಪಟ್ಟಣಗಳನ್ನು ತಲುಪಿದ್ದು ಬಹುಮಟ್ಟಿಗೆ ಫ್ಯಾಮಿಕಾಮ್‌ನ ಅಗ್ಗದ ನಕಲುಗಳು. ಯಂತ್ರಕ್ಕೆ ಸಿಕ್ಕಿಸುವ ಆಟದ ಪೆಟ್ಟಿಗೆಯನ್ನು ಎಲ್ಲರೂ ಕರೆಯುತ್ತಿದ್ದುದು ‘ಕ್ಯಾಸೆಟ್’ ಎಂದು. ಅದರ ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚಾಗಿದ್ದರೂ ಒಳಗಿದ್ದವು ಬೆರಳೆಣಿಕೆಯ ಆಟಗಳು, ಅವೇ ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ನಾನು ಬೆಳೆದದ್ದು ಹಿಂದೂಪುರದಲ್ಲಿ, ರಜೆ ಕಳೆದದ್ದು ಕಲ್ಯಾಣದುರ್ಗದ ಸೋದರಮಾವನ ಮನೆಯಲ್ಲಿ. ಎರಡೂ ಕಡೆ ಆಟದ ಹೆಸರು, ತಯಾರಕರು, ದೇಶ ಯಾವುದೂ ನಮಗೆ ತಿಳಿದಿರಲಿಲ್ಲ. ಕರ್ತೃವಿಲ್ಲದ, ಶೀರ್ಷಿಕೆಯಿಲ್ಲದ ಪಠ್ಯವಾಗಿಯೇ ಅದು ನಮ್ಮ ಕೈಗೆ ಬಂದಿತ್ತು.

ಓದುವ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ‘ಗ್ರೇಡಿಯಸ್’ ಪರದೆಯ ಕೆಳಗೆ ಆರು ಮನೆಗಳ ಒಂದು ಶಕ್ತಿಪಟ್ಟಿ ಇದೆ: ಸ್ಪೀಡ್ ಅಪ್, ಮಿಸೈಲ್, ಡಬಲ್, ಲೇಸರ್, ಆಪ್ಷನ್, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಕೆಲವು ಶತ್ರುಗಳನ್ನು ಹೊಡೆದಾಗ ಗುಳಿಗೆಯೊಂದು ಉಳಿಯುತ್ತದೆ. ಪ್ರತಿ ಗುಳಿಗೆಗೂ ಪಟ್ಟಿಯ ಬೆಳಕು ಒಂದು ಮನೆ ಮುಂದೆ ಸರಿಯುತ್ತದೆ. ಬೇಕಾದ ಮನೆಗೆ ಬೆಳಕು ಬಂದಾಗ ಗುಂಡಿ ಒತ್ತಿದರೆ ಆ ಶಕ್ತಿ ದೊರೆತು, ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮನೆಗಳಲ್ಲಿ ಬರೆದಿರುವುದು ಇಂಗ್ಲಿಷ್ ಪದಗಳು, ಜಪಾನಿನ ಮಕ್ಕಳಿಗಾಗಿ ಹೊರಬಂದ ಆವೃತ್ತಿಯಲ್ಲೂ ಅವು ಇಂಗ್ಲಿಷಿನಲ್ಲೇ ಇದ್ದವು. ಹಾಗಾಗಿ ಈ ಪಟ್ಟಿಯ ಮುಂದೆ ಟೋಕಿಯೊದ ಮಗುವೂ ಹಿಂದೂಪುರದ ಮಗುವೂ ಹೆಚ್ಚುಕಡಿಮೆ ಒಂದೇ ನೆಲೆಯಲ್ಲಿ ಕೂತಿದ್ದವು. ಪದದ ಅರ್ಥ ತಿಳಿಯದ ಮಗು ಪದದ ಸ್ಥಾನವನ್ನು ಓದುತ್ತದೆ. ಎರಡನೆಯ ಮನೆ ನೆಲದ ಮೇಲಿರುವವರನ್ನು ಹೊಡೆಯುತ್ತದೆ, ನಾಲ್ಕನೆಯದು ಉದ್ದನೆಯ ಗೆರೆ ಹಾರಿಸುತ್ತದೆ, ಆರನೆಯದು ರಕ್ಷಣೆ ಕೊಡುತ್ತದೆ ಎಂಬುದು ಆಡುತ್ತ ಆಡುತ್ತ ಖಚಿತವಾಗುತ್ತದೆ. ಚಿಹ್ನೆಯ ಮೌಲ್ಯ ಇತರ ಚಿಹ್ನೆಗಳೊಡನೆ ಅದಕ್ಕಿರುವ ಸಂಬಂಧದಿಂದ ಹುಟ್ಟುತ್ತದೆ ಎಂಬ ಸಸ್ಯೂರನ ಮಾತನ್ನು ತರಗತಿಯಲ್ಲಿ ವಿವರಿಸುವಾಗ ನನಗೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಕ್ಕಿಲ್ಲ.

3

ಈಗ ಚಲನೆಯ ಪ್ರಶ್ನೆ. ನೋಡುವವರಿಗೆ ನೌಕೆ ಎಡದಿಂದ ಬಲಕ್ಕೆ ಹಾರುತ್ತಿರುವಂತೆ ತೋರುತ್ತದೆ. ಯಂತ್ರದ ಲೆಕ್ಕವೇ ಬೇರೆ. ಫ್ಯಾಮಿಕಾಮ್‌ನ ಚಿತ್ರ ಮೂಡಿಸುವ ಚಿಪ್ ಪರದೆಯನ್ನು ಎರಡು ಬಗೆಯ ಸಾಮಗ್ರಿಯಿಂದ ಕಟ್ಟುತ್ತದೆ. ಒಂದು, ಸಣ್ಣ ಸಣ್ಣ ಚೌಕಗಳನ್ನು ಜೋಡಿಸಿ ಮಾಡಿದ ಹಿನ್ನೆಲೆ. ಇನ್ನೊಂದು, ಆ ಹಿನ್ನೆಲೆಯ ಮೇಲೆ ಸ್ವತಂತ್ರವಾಗಿ ಇರಿಸಬಹುದಾದ ಬಿಡಿ ಆಕೃತಿಗಳು. ನೌಕೆ ಎರಡನೆಯ ಬಗೆಯದು, ಅದರ ಸ್ಥಾನವನ್ನು ಅಳೆಯುವುದು ಪರದೆಯ ಅಂಚಿನಿಂದ. ಆಡುವವರು ಕೈ ಬಿಟ್ಟರೆ ನೌಕೆ ಇದ್ದಲ್ಲೇ ಇರುತ್ತದೆ. ಕದಲುವುದು ಹಿನ್ನೆಲೆ. ಅದು ಒಂದೇ ವೇಗದಲ್ಲಿ, ಯಾರ ಅಪ್ಪಣೆಗೂ ಕಾಯದೆ, ಬಲದಿಂದ ಎಡಕ್ಕೆ ಎಳೆಯಲ್ಪಡುತ್ತದೆ. ಯಂತ್ರದ ಚಿತ್ರಸ್ಮೃತಿಗೆ ಇರುವುದು 2 ಕಿಲೊಬೈಟ್ ಜಾಗ, ಅಂದರೆ ಸುಮಾರು ಎರಡು ಪರದೆಗಳಿಗೆ ಸಾಕಾಗುವಷ್ಟು. ಎಡ ಅಂಚಿನಿಂದ ಹೊರಬಿದ್ದ ಬೆಟ್ಟದ ಜಾಗದಲ್ಲಿ ಬಲದಿಂದ ಬರಬೇಕಾದ ಬೆಟ್ಟವನ್ನು ಬರೆಯಲಾಗುತ್ತದೆ. ದಾಟಿಬಂದ ನೆಲ ಕ್ಯಾಸೆಟ್ಟಿನಲ್ಲಿ ಉಳಿದಿದ್ದರೂ ಪರದೆಯ ಸ್ಮೃತಿಯಲ್ಲಿ ಇಲ್ಲ.

ಈ ಏಕಮುಖತೆ ತಂತ್ರಜ್ಞಾನದ ಅನಿವಾರ್ಯತೆಯೇನೂ ಆಗಿರಲಿಲ್ಲ. 1981ರ ‘ಡಿಫೆಂಡರ್’ ಆಟದಲ್ಲಿ ನೌಕೆ ಎರಡೂ ದಿಕ್ಕಿಗೆ ಹಾರಬಲ್ಲದು. ಹಿಂದಿರುಗಿ ಹೋಗಿ ನೆಲದ ಮೇಲಿನ ಮನುಷ್ಯರನ್ನು ಕಾಪಾಡುವುದೇ ಅಲ್ಲಿನ ಕೆಲಸ. ಅದೇ ವರ್ಷ ಕೊನಾಮಿ ತಂದ ‘ಸ್ಕ್ರ್ಯಾಂಬಲ್’ ಹಿಂದಿರುಗುವ ದಾರಿಯನ್ನು ಮುಚ್ಚಿತು, ‘ಗ್ರೇಡಿಯಸ್’ ಆ ಪರಂಪರೆಯನ್ನೇ ಮುಂದುವರಿಸಿತು. ಜಪಾನಿನ ಸುರುಳಿಚಿತ್ರವಾದ ‘ಎಮಾಕಿ’ಯಲ್ಲೂ ದೃಶ್ಯ ಪಕ್ಕಕ್ಕೆ ಸರಿಯುತ್ತದೆ. ಆದರೆ ಅದು ಬಲದಿಂದ ಎಡಕ್ಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚುವ ಸುತ್ತುವ ವೇಗವೆಲ್ಲ ನೋಡುವವರ ಕೈಯಲ್ಲಿರುತ್ತದೆ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಯಲ್ಲಿ, ಹದಿನಾರನೆಯ ಶತಮಾನದ ವೀರಭದ್ರ ದೇವಾಲಯದ ಮಂಟಪದ ಚಾವಣಿಯಲ್ಲಿ, ಕಿರಾತಾರ್ಜುನೀಯ ಮತ್ತು ದ್ರೌಪದಿಯ ವಿವಾಹದ ಚಿತ್ರಗಳಿವೆ. ಅಲ್ಲಿ ಚಿತ್ರ ಕದಲುವುದಿಲ್ಲ, ಕತ್ತೆತ್ತಿ ನಡೆಯುವವರು ನಾವು. ಅರ್ಜುನನ ಬಳಿ ನಿಲ್ಲಬಹುದು, ಹಿಂದಕ್ಕೆ ಬಂದು ಮತ್ತೆ ನೋಡಬಹುದು. ‘ಗ್ರೇಡಿಯಸ್’ ನೋಡುವವರಿಂದ ಕಸಿದುಕೊಂಡಿರುವುದು ಈ ನಿಲ್ಲುವ ಹಕ್ಕನ್ನು.

ನಿಂತದ್ದರ ಹಿಂದೆ ನೆಲ ಸರಿಯುವ ಈ ಚಿತ್ರವನ್ನು ಇಟ್ಟುಕೊಂಡು ನಮ್ಮ ಎರಡು ಪಟ್ಟಣಗಳ ಆಡಳಿತ ಚರಿತ್ರೆಯನ್ನು ನೋಡಬಹುದು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ಅನಂತಪುರ ಜಿಲ್ಲೆಯನ್ನು ರಚಿಸಲಾಯಿತು. 1953ರಲ್ಲಿ ಆ ಜಿಲ್ಲೆ ಮದ್ರಾಸ್ ರಾಜ್ಯದಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು, 1956ರಲ್ಲಿ ಅದು ಆಂಧ್ರಪ್ರದೇಶವಾಯಿತು, 2014ರಲ್ಲಿ ಆ ರಾಜ್ಯವೂ ಇಬ್ಭಾಗವಾಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಇಷ್ಟರ ನಡುವೆ ಎರಡೂ ಊರುಗಳು ಇದ್ದಲ್ಲೇ ಇದ್ದವು. ಅವುಗಳ ಹಿಂದಿನ ಹಿನ್ನೆಲೆಯನ್ನು ಬೇರೆ ಯಾರೋ ಎಳೆದರು. ಒಳನಾಡಿನಿಂದ ನೋಡಿದರೆ ಈ ಊರುಗಳು ಹಿಂದೆ ಉಳಿದಂತೆ ಕಾಣುತ್ತವೆ, ಊರೊಳಗಿಂದ ನೋಡಿದರೆ ನೆಲ ಕಾಲಡಿಯಿಂದ ಜಾರಿದಂತೆ ಕಾಣುತ್ತದೆ. ‘ಹಿಂದುಳಿದ’ ಎಂಬ ಪದ ಮೊದಲನೆಯ ನೋಟವನ್ನು ಮಾತ್ರ ದಾಖಲಿಸುತ್ತದೆ. ಎಳೆಯುವ ಕೈ ಯಾರದು ಎಂಬ ಪ್ರಶ್ನೆಗೆ ಅದರಲ್ಲಿ ಜಾಗವಿಲ್ಲ.

4

‘ಗ್ರೇಡಿಯಸ್’ ತನ್ನ ಪರಂಪರೆಗೆ ಸೇರಿಸಿದ ಹೊಸತು ಶಕ್ತಿಪಟ್ಟಿಯ ಐದನೆಯ ಮನೆಯಲ್ಲಿದೆ. ‘ಆಪ್ಷನ್’ ಎಂದರೆ ನೌಕೆಯ ಜೊತೆ ಸಾಗುವ ಒಂದು ಬೆಳಕಿನ ಗೋಲ. ಅದಕ್ಕೆ ಸ್ವಂತ ದಾರಿಯಿಲ್ಲ. ನೌಕೆ ಪರದೆಯ ಮೇಲೆ ಕ್ಷಣದ ಹಿಂದೆ ತುಳಿದ ದಾರಿಯನ್ನೇ ತುಸು ತಡವಾಗಿ ತುಳಿಯುತ್ತದೆ, ನೌಕೆ ಗುಂಡು ಹಾರಿಸಿದಾಗ ತಾನೂ ಹಾರಿಸುತ್ತದೆ, ನೌಕೆ ನಿಂತರೆ ತಾನಿದ್ದಲ್ಲೇ ನಿಲ್ಲುತ್ತದೆ. ನುರಿತ ಆಟಗಾರರು ಬೇಕೆಂದೇ ಮೇಲೆ ಕೆಳಗೆ ಸುಳಿದು ಗೋಲಗಳನ್ನು ತಮಗೆ ಬೇಕಾದ ಎತ್ತರದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಹಿನ್ನೆಲೆಯ ಕಾಲ ದಾಟಿಬಂದದ್ದನ್ನೆಲ್ಲ ಅಳಿಸುತ್ತದೆ, ಗೋಲದ ಕಾಲ ನಡೆದ ದಾರಿಯನ್ನು ಇಟ್ಟುಕೊಂಡು ಅದನ್ನೇ ಬಲವನ್ನಾಗಿ ಮಾಡುತ್ತದೆ. ಈ ಎರಡು ಕಾಲಗಳ ಸಂಘರ್ಷವೇ ಆಟದ ನಿಜವಾದ ವಸ್ತು ಎಂಬುದು ನನ್ನ ವಾದ. ಬರಿಯ ಸಂಹಾರದ ಆಟವೆಂದು ತಳ್ಳಿಹಾಕುವವರು ಕಾಣದೆ ಹೋಗುವುದು ಇದನ್ನು.

ಆ ಬಲ ಎಷ್ಟು ದುಬಾರಿ ಎಂಬುದನ್ನು ಎಣಿಸಿ ನೋಡಬಹುದು. ಮನೆಬಳಕೆಯ ಆವೃತ್ತಿಯಲ್ಲಿ ಗರಿಷ್ಠ ಎರಡು ಗೋಲಗಳು. ಒಂದು ಹೆಜ್ಜೆ ವೇಗಕ್ಕೆ 1, ಮಿಸೈಲ್‌ಗೆ 2, ಲೇಸರ್‌ಗೆ 4, ಎರಡು ಗೋಲಗಳಿಗೆ ತಲಾ 5, ರಕ್ಷಣೆಗೆ 6: ಒಟ್ಟು 23 ಗುಳಿಗೆಗಳು. ಡಬಲ್ ಮತ್ತು ಲೇಸರ್ ಒಟ್ಟಿಗೆ ಸಲ್ಲುವುದಿಲ್ಲ, ಒಂದನ್ನು ಪಡೆದರೆ ಇನ್ನೊಂದು ಹೋಗುತ್ತದೆ. ರಕ್ಷಣೆ ಸವೆದ ಮೇಲೆ ಒಂದೇ ಒಂದು ಗುಂಡು ತಗುಲಿದರೂ 23 ಗುಳಿಗೆಗಳ ಗಳಿಕೆಯೆಲ್ಲ ಒಮ್ಮೆಗೇ ಇಲ್ಲವಾಗುತ್ತದೆ. ಹೊಸ ಜೀವ ದೊರೆಯುತ್ತದೆ, ಆದರೆ ಅದು ಹಂತದ ನಡುವಿನ ಗೊತ್ತಾದ ಗಡಿಕಲ್ಲಿನಿಂದ, ಬರಿಗೈಯಲ್ಲಿ, ಅತಿ ನಿಧಾನ ವೇಗದಲ್ಲಿ ಹೊರಡಬೇಕು. ಅಲ್ಲಿ ಎದುರಾಗುವ ಶತ್ರುಗಳನ್ನು ಜೋಡಿಸಿರುವುದಾದರೂ ಪೂರ್ಣ ಬಲದೊಡನೆ ಬಂದವರನ್ನು ಉದ್ದೇಶಿಸಿ. ಹೀಗಾಗಿ ಮೊದಲ ಹಂತದಲ್ಲಿ ಸೋತವರು ಚೇತರಿಸಿಕೊಳ್ಳಬಹುದು, ಮೂರನೆಯ ಹಂತದಾಚೆ ಸೋತವರು ಅದೇ ಜಾಗದಲ್ಲಿ ಮತ್ತೆ ಮತ್ತೆ ಸೋಲುತ್ತಾರೆ. ಈ ಸ್ಥಿತಿಗೆ ಆಟಗಾರರ ವಲಯದಲ್ಲಿ ‘ಗ್ರೇಡಿಯಸ್ ಸಿಂಡ್ರೋಮ್’ ಎಂಬ ಹೆಸರೇ ಇದೆ. ಜೀವವನ್ನು ಕೊಟ್ಟರೂ ಚೇತರಿಕೆಯ ದಾರಿಯನ್ನು ಕೊಡದ ನಿಯಮ ಇದು.

ಭಾಷಾ ಅಲ್ಪಸಂಖ್ಯಾತರ ಶಿಕ್ಷಣದ ಅಧ್ಯಯನಕ್ಕೆ ಈ ನಿಯಮದ ರಚನೆ ಉಪಯುಕ್ತವೆಂದು ನನಗೆ ತೋರುತ್ತದೆ. 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಒದಗಿಸಬೇಕೆಂದು ಹೇಳುತ್ತದೆ. ಅದು ಹೇಳುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಕನ್ನಡದಲ್ಲಿ ಎಣಿಸಲು, ವಾದಿಸಲು, ಅನುಮಾನ ಕೇಳಲು ಕಲಿತ ಮಗು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆಗೆ ಸೇರಿದಾಗ ಅದರ ಜೀವಕ್ಕೇನೂ ಆಗುವುದಿಲ್ಲ, ಪ್ರವೇಶವೂ ಸಿಗುತ್ತದೆ. ಆದರೆ ಕೂಡಿಸಿಕೊಂಡ ಗುಳಿಗೆಗಳು ಅಲ್ಲಿ ಚಲಾವಣೆಯಲ್ಲಿಲ್ಲ, ಪಠ್ಯಪುಸ್ತಕವೋ ಆ ಭಾಷೆಯಲ್ಲಿ ಐದಾರು ವರ್ಷ ಓದಿದವರಿಗಾಗಿ ಸಿದ್ಧವಾಗಿದೆ. ಆ ಮಗುವಿನ ತಡವರಿಕೆಯನ್ನು ನಾವು ‘ಹಿಂದುಳಿಯುವಿಕೆ’ ಎಂದು ದಾಖಲಿಸುತ್ತೇವೆ. ಗಡಿಕಲ್ಲನ್ನು ಎಲ್ಲಿ ನೆಟ್ಟಿದ್ದಾರೆ, ಅದರ ಆಚೆ ಎಷ್ಟು ಗುಳಿಗೆಗಳನ್ನು ಇಟ್ಟಿದ್ದಾರೆ ಎಂಬುದನ್ನು ದಾಖಲಿಸುವುದಿಲ್ಲ.

ಹೋಲಿಕೆಯ ಮಿತಿಯನ್ನೂ ಹೇಳಬೇಕು. ಆಟದ ನಿಯಮ ಎಲ್ಲ ಆಟಗಾರರಿಗೂ ಒಂದೇ, ಶಾಲೆಯದು ಹಾಗಲ್ಲ. ಆಟ ಮುಗಿದರೆ ಯಂತ್ರವನ್ನು ಆರಿಸಿ ಮತ್ತೆ ಹಚ್ಚಬಹುದು, ಎಂಟನೆಯ ತರಗತಿಯನ್ನು ಹಾಗೆ ಮಾಡಲಾಗದು. ‘ಗ್ರೇಡಿಯಸ್’ನ ಕೊನೆಯ ಹಂತ ಗೆದ್ದವರನ್ನು ಯಂತ್ರ ಮತ್ತೆ ಮೊದಲ ಹಂತಕ್ಕೇ, ಇನ್ನಷ್ಟು ಕಠಿಣ ರೂಪದಲ್ಲಿ, ತಂದು ನಿಲ್ಲಿಸುತ್ತದೆ. ಅಷ್ಟು ದೂರದ ‘ಮುನ್ನಡೆ’ ಕೊನೆಗೊಂದು ವೃತ್ತ. ಬದುಕನ್ನು ವೃತ್ತವೆಂದು ಹೇಳಿ ನೀತಿಯ ಹೊಣೆಯಿಂದ ನುಣುಚಿಕೊಳ್ಳುವ ಅವಕಾಶ ನಮಗಿಲ್ಲ.

5

ಚೇತರಿಕೆಯ ಈ ಕಷ್ಟ ಆಟ ಕಟ್ಟಿದವರಿಗೂ ಗೊತ್ತಿತ್ತು. ಆರ್ಕೇಡಿನ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವ ಕೆಲಸದಲ್ಲಿದ್ದ ಕಜುಹಿಸಾ ಹಶಿಮೊಟೊ, ಪರೀಕ್ಷಿಸಲು ಕೂತಾಗ ಆಟ ತಮಗೇ ಮೀರಿದ್ದೆಂದು ಕಂಡು, ತಮ್ಮ ಅನುಕೂಲಕ್ಕಾಗಿ ಗುಂಡಿಗಳ ಒಂದು ಕ್ರಮವನ್ನು ಒಳಗೆ ಸೇರಿಸಿದರು: ಮೇಲೆ ಎರಡು ಸಲ, ಕೆಳಗೆ ಎರಡು ಸಲ, ಎಡ, ಬಲ, ಎಡ, ಬಲ, ನಂತರ ಬಿ, ಎ. ಆಟವನ್ನು ತಡೆದು ಈ ಕ್ರಮವನ್ನು ಒತ್ತಿದರೆ ಬಹುಪಾಲು ಶಕ್ತಿಗಳು ಒಮ್ಮೆಗೇ ದೊರೆಯುತ್ತವೆ. ಬಿಡುಗಡೆಯಾದ ಆಟದಲ್ಲೂ ಅದು ಉಳಿದುಕೊಂಡು ‘ಕೊನಾಮಿ ಕೋಡ್’ ಎಂದು ಜಗತ್ತಿನಾದ್ಯಂತ ಹೆಸರಾಯಿತು. ಹಶಿಮೊಟೊ 2020ರ ಫೆಬ್ರವರಿಯಲ್ಲಿ ತೀರಿಕೊಂಡರು. ನಮ್ಮ ಕಡೆ ಅದು ಹೆಚ್ಚು ಪರಿಚಿತವಾದದ್ದು 1988ರ ‘ಕಾಂಟ್ರಾ’ ಆಟದಿಂದ, ಅಲ್ಲಿ ಅದೇ ಕ್ರಮ 30 ಜೀವಗಳನ್ನು ಕೊಡುತ್ತಿತ್ತು.

ಈ ಕೋಡ್ ನಮಗೆ ಬಂದದ್ದು ಬಾಯಿಂದ ಬಾಯಿಗೆ. ಹಿಂದೂಪುರದಲ್ಲಿ ನಮ್ಮ ಗೆಳೆಯರು ‘ಪೈನ ಪೈನ, ಕಿಂದ ಕಿಂದ’ ಎಂದು ತೆಲುಗಿನಲ್ಲಿ ಶುರುಮಾಡಿ ‘ಎಡ ಬಲ, ಎಡ ಬಲ’ ಎಂದು ಕನ್ನಡದಲ್ಲಿ ಮುಗಿಸುತ್ತಿದ್ದರು. ಕಲ್ಯಾಣದುರ್ಗದ ಮಾವನ ಮಕ್ಕಳು ‘ಮ್ಯಾಲಕ್ಕೆ ಮ್ಯಾಲಕ್ಕೆ, ಕೆಳಕ್ಕೆ ಕೆಳಕ್ಕೆ’ ಎನ್ನುತ್ತಿದ್ದರು. ಮಗ್ಗಿ ಹೇಳುವ ರಾಗದಲ್ಲೇ ಅದನ್ನು ಹೇಳುವುದಿತ್ತು, ತಪ್ಪಿದರೆ ಪಕ್ಕದಲ್ಲಿ ಕೂತವರು ತಿದ್ದುತ್ತಿದ್ದರು. ಮುದ್ರಿತ ಆಧಾರವಿಲ್ಲದೆ, ಮೂಲ ಭಾಷೆಯ ಪರಿಚಯವಿಲ್ಲದೆ, ಎರಡು ಭಾಷೆಗಳನ್ನು ಹೊಲಿದು ಕಂಠಸ್ಥ ಮಾಡಿಕೊಂಡ ಈ ಸೂತ್ರ ಮೌಖಿಕ ಪರಂಪರೆಯ ಅಧ್ಯಯನಕ್ಕೆ ಸೇರಬೇಕಾದದ್ದು. ಗಡಿಯ ಭಾಷಾಬೆರಕೆಯನ್ನು ಕಲುಷಿತವೆಂದು ಎಣಿಸುವವರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ: ಯಂತ್ರ ಕ್ರಮವನ್ನು ಕಟ್ಟುನಿಟ್ಟಾಗಿ ಕೇಳುತ್ತಿತ್ತು, ಆ ಬೆರಕೆ ನುಡಿ ಕ್ರಮವನ್ನು ಎಲ್ಲಿಯೂ ತಪ್ಪಿಸುತ್ತಿರಲಿಲ್ಲ.

6

ಇಲ್ಲಿಯವರೆಗಿನ ಓದು ನೌಕೆಯ ಪಕ್ಷದಲ್ಲಿ ನಿಂತಿದೆ. ಗಡಿನಾಡಿನವರು ತಮ್ಮನ್ನು ಆ ಒಂಟಿ ನೌಕೆಯಲ್ಲಿ ಕಂಡುಕೊಳ್ಳುವುದು ಸಹಜ. ಆಟದ ಮೂರನೆಯ ಹಂತ ಈ ಸಹಾನುಭೂತಿಯನ್ನು ಕದಡುತ್ತದೆ. ಅಲ್ಲಿ ನೆಲದ ಮೇಲೆ ಸಾಲಾಗಿ ನಿಂತಿರುವುದು ಮೋಆಯಿ, ಅಂದರೆ ಪೆಸಿಫಿಕ್ ಸಾಗರದ ರಾಪಾ ನೂಯಿ ದ್ವೀಪದ ಜನ ತಮ್ಮ ಪೂರ್ವಿಕರ ನೆನಪಿಗೆ ಕಡೆದು ನಿಲ್ಲಿಸಿದ ಶಿಲಾಮೂರ್ತಿಗಳು. ಆಟದಲ್ಲಿ ಅವು ಬಾಯಿಂದ ಉಂಗುರಗಳನ್ನು ಉಗುಳುವ ಶತ್ರುಗಳು. ಬೇರೆಲ್ಲಿ ಹೊಡೆದರೂ ಅವು ಜಗ್ಗುವುದಿಲ್ಲ, ನಾಶಮಾಡಬೇಕಾದರೆ ಬಾಯಿಗೇ ಗುರಿಯಿಟ್ಟು ಹೊಡೆಯಬೇಕು.

1888ರಲ್ಲಿ ಆ ದ್ವೀಪವನ್ನು ಚಿಲಿ ತನ್ನದಾಗಿಸಿಕೊಂಡಿತು. ಅಲ್ಲಿನ ರಾಪಾನೂಯಿ ಭಾಷೆ ಇಂದು ಸ್ಪ್ಯಾನಿಷ್‌ನ ಒತ್ತಡದಲ್ಲಿ ಬದುಕುತ್ತಿರುವ ಸಣ್ಣ ಭಾಷೆ. ಅಲ್ಪಸಂಖ್ಯಾತ ಭಾಷೆಯೊಂದರ ಪೂರ್ವಿಕರ ಬಾಯಿಗೆ ಗುಂಡು ಹೊಡೆಯುವುದನ್ನು ಆಟ ಕೌಶಲವೆಂದು ಕಲಿಸುತ್ತದೆ, ಅದಕ್ಕೆ ಅಂಕ ಕೊಡುತ್ತದೆ. ರೂಪಿಸಿದವರಲ್ಲಿ ದ್ವೇಷವಿತ್ತೆಂದು ಹೇಳಲು ಆಧಾರವಿಲ್ಲ. ಎಲ್ಲೋ ದೂರದ ವಿಚಿತ್ರ ಮುಖಗಳೆಂದು ಅವನ್ನು ಆರಿಸಿಕೊಂಡಂತೆ ಕಾಣುತ್ತದೆ. ವಿಚಿತ್ರವೆಂದು ಕಾಣುವ ಆ ದೂರವೇ ಇಲ್ಲಿನ ಸಮಸ್ಯೆ. ಬದಿಗೆ ಸರಿಯುವ ಪರದೆಯಲ್ಲಿ ನೆಲಕ್ಕೆ ಸ್ವಂತ ಚರಿತ್ರೆ ಇರಲಾರದು: ಅದು ಎದುರಾಗಬೇಕು, ಅಡ್ಡಿಪಡಿಸಬೇಕು, ಎಡ ಅಂಚಿನಿಂದ ಅಳಿದುಹೋಗಬೇಕು. ನೌಕೆಯೊಳಗಿನ ಸ್ಮೃತಿಗೆ ಗೋಲಗಳ ರೂಪ ಕೊಟ್ಟ ಆಟ ನೆಲದ ಸ್ಮೃತಿಗೆ ಯಾವ ರೂಪವನ್ನೂ ಕೊಡಲಿಲ್ಲ. ‘ಗ್ರೇಡಿಯಸ್’ನ ದೊಡ್ಡ ಸಾಧನೆ ಮತ್ತು ದೊಡ್ಡ ಕುರುಡು ಎರಡೂ ಒಂದೇ ನಿಯಮದಿಂದ ಹುಟ್ಟಿವೆ.

ಗಡಿನಾಡಿನ ಓದು ಇಲ್ಲಿ ತನ್ನ ಸ್ಥಾನವನ್ನು ಬದಲಿಸಬೇಕಾಗುತ್ತದೆ. ರಾಜ್ಯಗಳ ರಚನೆ ಸಾಗಿಬಂದ ದಾರಿಯಲ್ಲಿ ಹಿಂದೂಪುರ ಮತ್ತು ಕಲ್ಯಾಣದುರ್ಗ ನೌಕೆಗಳಾಗಿದ್ದಕ್ಕಿಂತ ಹೆಚ್ಚಾಗಿ ನೆಲವಾಗಿದ್ದವು. ಇತರರ ಮುನ್ನಡೆಯ ಕಥನದಲ್ಲಿ ಎದುರಾಗಿ ಅಂಚಿಗೆ ಸರಿದುಹೋದವು. ಅಷ್ಟೇ ಅಲ್ಲ, ನಮ್ಮದೇ ನೆಲದ ಲಂಬಾಣಿಯಂಥ ನುಡಿಗಳ ಮುಂದೆ ಕನ್ನಡವೂ ತೆಲುಗೂ ನೌಕೆಯಲ್ಲಿ ಕೂತಿವೆ. ಅಲ್ಪಸಂಖ್ಯಾತತೆ ಶಾಶ್ವತವಾದ ಗುರುತಲ್ಲ, ಪರದೆ ಬದಲಾದಂತೆ ಅದೂ ಬದಲಾಗುವ ಸ್ಥಾನ. ಗಡಿ ಕನ್ನಡದ ಹಕ್ಕುಗಳ ಪರವಾಗಿ ಬರೆಯುವ ವಿಮರ್ಶೆ ಇದನ್ನು ಒಪ್ಪಿಕೊಂಡಾಗ ಅದರ ವಾದ ದುರ್ಬಲವಾಗುವುದಿಲ್ಲ. ನೆಲದ ಪರವಾಗಿ ಮಾತಾಡುವ ಅಧಿಕಾರ ಅದಕ್ಕೆ ಬರುವುದೇ ಈ ಒಪ್ಪಿಗೆಯಿಂದ.

ಹಾಗಾದರೆ ‘ಹಿಂದುಳಿದ’ ಎಂಬ ಪದವನ್ನು ಬಿಡಬೇಕೇ? ಮೀಸಲಾತಿಯ ಕಾನೂನಿನಲ್ಲಿ, ಆಡಳಿತದಲ್ಲಿ ಅದಕ್ಕೆ ಗೊತ್ತಾದ ಅರ್ಥವೂ ಪ್ರಯೋಜನವೂ ಇವೆ, ಅವು ಇರಲಿ. ಭಾಷಾ ಪರಿಸ್ಥಿತಿಯ ವರ್ಣನೆಯಲ್ಲಿ ಮಾತ್ರ ಅದರ ಬದಲು ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಹಿನ್ನೆಲೆಯನ್ನು ಎಳೆದವರು ಯಾರು, ಬಿದ್ದವರು ಎಲ್ಲಿಂದ ಮತ್ತು ಏನನ್ನು ಹಿಡಿದು ಹೊರಡಬೇಕು, ದಾಟಿಬಂದ ನೆಲದ ನೆನಪನ್ನು ಯಾರು ಇಟ್ಟುಕೊಂಡಿದ್ದಾರೆ? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಲೇಪಾಕ್ಷಿಯ ದೇವಾಲಯದಲ್ಲಿ ಚಿತ್ರಗಳ ಜೊತೆಗೆ ಕನ್ನಡದ ಶಾಸನಗಳೂ ಇವೆ. ಅವುಗಳ ಸುತ್ತ ಜಿಲ್ಲೆ, ರಾಜ್ಯಗಳ ಹೆಸರು ಎಷ್ಟು ಸಲ ಬದಲಾದರೂ ಕಲ್ಲು ಇದ್ದಲ್ಲೇ ಇದೆ. ಅದನ್ನು ಓದಬಲ್ಲ ಮಕ್ಕಳು ಹತ್ತಿರದ ಶಾಲೆಗಳಲ್ಲಿ ಪ್ರಾಥಮಿಕ ಹಂತದ ಆಚೆಗೂ ತಯಾರಾಗುತ್ತಾರೆಯೇ ಎಂಬುದನ್ನು ಇನ್ನು ಮುಂದಿನ ಸಮೀಕ್ಷೆಗಳು ಕೇಳಲಿ.